ಕ್ಯಾಮೆರಾ ಕೊಳ್ಳುವ ಮೊದಲು ಗಂಟೆಗಳ ಲೆಕ್ಕ ಹಾಕಿ

ಮಾನ್ಯ ಸಂಪಾದಕರೇ,

ಓದು ಮುಗಿಯುವ ಮೊದಲೇ ಮದುವೆಯಾಗಿ, ಮುಂಬಯಿ ಹೊರವಲಯದ ಡೊಂಬಿವಲಿಯಲ್ಲೋ ವಸಾಯಿಯಲ್ಲೋ ಬಾಡಿಗೆ ಖೋಲಿ (ಒಂದೇ ಕೋಣೆಯ ಮನೆ) ಹಿಡಿದು, ಒಂದು ಕ್ಯಾಮೆರಾ ಕೊಂಡು ಮನೆಖರ್ಚು ತೂಗಿಸೋಣ ಎಂದು ಹೊರಡುವ ಹುಡುಗ ಹುಡುಗಿಯರು ಇಲ್ಲಿನ ಕನ್ನಡಿಗರಾದ ನಮ್ಮ ಸಂಘ ಸಂಸ್ಥೆಗಳ ಸಮಾರಂಭಗಳಲ್ಲಿ ಈಗ ಕಾಣಸಿಗುತ್ತಾರೆ. ಅವರಿಗೆ ಹಿರಿಯರು ಕೊಡುವ ಸಲಹೆ ಸಾಮಾನ್ಯವಾಗಿ ಒಂದೇ: ಒಳ್ಳೆ ಕ್ಯಾಮೆರಾ ತಗೋ, ಮದುವೆ ಆರ್ಡರ್ ಹಿಡಿ, ಎರಡು ಸೀಸನ್ನಿನಲ್ಲಿ ಸಾಲ ತೀರುತ್ತದೆ. ಇದೇ ಕಸುಬಿನಲ್ಲಿರುವ ನಮಗೆ ಈ ಸಲಹೆ ತಲೆಕೆಳಗಾಗಿ ಕಾಣುತ್ತದೆ. ಓದುತ್ತಿರುವ ಸಂಸಾರಸ್ಥರಿಗೆ ದುಡ್ಡಿನ ಅಭಾವ ಇದ್ದದ್ದೇ. ಅದಕ್ಕಿಂತ ದೊಡ್ಡ ಅಭಾವ ಹೊತ್ತಿನದು. ಮದುವೆ ಫೋಟೋಗ್ರಫಿ ಎಲ್ಲಕ್ಕಿಂತ ಹೆಚ್ಚು ಹೊತ್ತು ನುಂಗುವ ಕೆಲಸ.

ಲೆಕ್ಕ ಹಾಕಿ ನೋಡಿ. ಹಿಂದಿನ ಸಂಜೆಯ ಮೆಹೆಂದಿಗೆ ನಾಲ್ಕು ಗಂಟೆ, ಮರುದಿನ ಬೆಳಿಗ್ಗೆಯಿಂದ ಊಟ ಮುಗಿಯುವವರೆಗೆ ಎಂಟು ಗಂಟೆ. ತೆಗೆದ ಚಿತ್ರ 2,000 ಎಂದಿಟ್ಟುಕೊಳ್ಳೋಣ. ಒಂದಕ್ಕೆ ಐದು ಸೆಕೆಂಡ್ ಕೊಟ್ಟು ಆರಿಸಿದರೂ ಮೂರು ಗಂಟೆ ಹೋಯಿತು. ಆರಿಸಿದ 500ರ ಬಣ್ಣ ಬೆಳಕು ಸರಿಪಡಿಸಲು, ನಿಮಿಷಕ್ಕೊಂದರಂತೆ, ಎಂಟು ಗಂಟೆ. ಇಪ್ಪತ್ತು ಹಾಳೆಯ ಆಲ್ಬಮ್ ಜೋಡಿಸಲು ಏಳು ಗಂಟೆ. ಆಮೇಲೆ ‘ಇದು ತೆಗೀರಿ, ದೊಡ್ಡಪ್ಪನ ಮನೆಯವರದ್ದು ಹಾಕಿ’ ಎಂದು ಎರಡು ಸಲವಾದರೂ ತಿದ್ದಿಸುತ್ತಾರೆ. ಅದಕ್ಕೂ ಲ್ಯಾಬಿನ ಓಡಾಟಕ್ಕೂ ಇನ್ನೈದು ಗಂಟೆ. ಒಂದು ಮದುವೆಗೆ 35 ಗಂಟೆ. ಕಾಲೇಜಿನಲ್ಲಿ ಶೇ. 75 ಹಾಜರಿ ಬೇಕು, ಲೋಕಲ್ ಟ್ರೈನಿನಲ್ಲಿ ದಿನಕ್ಕೆ ಎರಡು ಮೂರು ಗಂಟೆ ಕಳೆಯುತ್ತದೆ, ಅಡಿಗೆ ನೀರು ಮನೆಗೆಲಸ ಬೇರೆ. ಗಂಡ ಹೆಂಡತಿ ಇಬ್ಬರೂ ದುಡಿದರೂ ತಿಂಗಳಿಗೆ ಎರಡಕ್ಕಿಂತ ಹೆಚ್ಚು ಮದುವೆ ಒಪ್ಪಿದರೆ ಆಲ್ಬಮ್ ತಡವಾಗುತ್ತದೆ, ಇಲ್ಲವೇ ಪರೀಕ್ಷೆ ಹೋಗುತ್ತದೆ.

ಪಂಚಾಂಗವೂ ಅವರ ಕಡೆಗಿಲ್ಲ. ಕರಾವಳಿಯ ನಮ್ಮವರಲ್ಲಿ ಆಟಿಯಲ್ಲಿ, ಅಂದರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ, ಮದುವೆ ಇಲ್ಲ. ಡಿಸೆಂಬರ್ ಮಧ್ಯದಿಂದ ಮಕರ ಸಂಕ್ರಾಂತಿಯವರೆಗಿನ ಧನುರ್ಮಾಸದಲ್ಲೂ ಬಹುತೇಕ ಮನೆಗಳಲ್ಲಿ ಇಲ್ಲ. ಮುಹೂರ್ತಗಳೆಲ್ಲ ನವೆಂಬರ್, ಫೆಬ್ರವರಿ, ಏಪ್ರಿಲ್, ಮೇ ತಿಂಗಳುಗಳಿಗೆ ಬಂದು ಬೀಳುತ್ತವೆ. ವಿಶ್ವವಿದ್ಯಾಲಯದ ಸೆಮಿಸ್ಟರ್ ಪರೀಕ್ಷೆಗಳೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. ವೇಳಾಪಟ್ಟಿ ಪರೀಕ್ಷೆಗೆ ಕೆಲವೇ ವಾರ ಇರುವಾಗ ಬರುತ್ತದೆ, ಮದುವೆಯವರು ಆರು ತಿಂಗಳ ಮೊದಲೇ ದಿನಾಂಕ ಕೇಳುತ್ತಾರೆ. ಆದ್ದರಿಂದ ಓದು ಮುಗಿಯುವವರೆಗೆ ಮದುವೆಯ ಪೂರ್ತಿ ಜವಾಬ್ದಾರಿ ಹೊರದೆ, ಅನುಭವಸ್ಥರೊಬ್ಬರ ಕೈಕೆಳಗೆ ಎರಡನೇ ಕ್ಯಾಮೆರಾ ಹಿಡಿಯುವುದು ಮೇಲು. ದಿನಗೂಲಿ ಸಿಗುತ್ತದೆ, ಮೆಮೊರಿ ಕಾರ್ಡ್ ಅವರ ಕೈಗಿತ್ತರೆ ನಿಮ್ಮ ಕೆಲಸ ಮುಗಿಯಿತು, ಉಳಿದ 23 ಗಂಟೆ ಅವರ ಪಾಲು.

ಹಾಗಾದರೆ ಸ್ವಂತದ್ದು ಅಂತ ಏನು ಮಾಡಬೇಕು? ಖೋಲಿಯಲ್ಲೇ ಆಗುವ ಕೆಲಸ. ಪಾಸ್‌ಪೋರ್ಟ್ ಅಳತೆಯ ಫೋಟೋವನ್ನು ಹೊಸಬರು ಕೀಳಾಗಿ ನೋಡುತ್ತಾರೆ, ಅದು ತಪ್ಪು. 35×45 ಎಂಎಂನ ಎಂಟು ಪ್ರತಿಗಳು ಒಂದು 4×6 ಇಂಚಿನ ಹಾಳೆಯಲ್ಲಿ ಕೂರುತ್ತವೆ. ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ದೊಡ್ಡವರ ಫೋಟೋ ಅಲ್ಲೇ ತೆಗೆಯುತ್ತಾರೆ, ಆದರೆ ನಾಲ್ಕು ವರ್ಷದೊಳಗಿನ ಮಕ್ಕಳದ್ದನ್ನು ಬಿಳಿ ಹಿನ್ನೆಲೆಯಲ್ಲಿ ತೆಗೆಸಿ ಒಯ್ಯಬೇಕು. ಅಂಗಡಿಯ ಸ್ಟೂಲಿನ ಮೇಲೆ ಆರು ತಿಂಗಳ ಕೂಸು ಕೂರುತ್ತದೆಯೇ? ಮನೆಯಲ್ಲಾದರೆ ಕಿಟಕಿಯ ಹತ್ತಿರ ನೆಲದ ಮೇಲೆ ಸುಕ್ಕಿಲ್ಲದ ಬಿಳಿ ಬಟ್ಟೆ ಹಾಸಿ, ಕೂಸನ್ನು ಅಂಗಾತ ಮಲಗಿಸಿ, ನೇರ ಮೇಲಿನಿಂದ ತೆಗೆಯಬಹುದು. ಕ್ಯಾಮೆರಾದ ಪಟ್ಟಿ ಕುತ್ತಿಗೆಗೆ ಹಾಕಿಕೊಂಡೇ ತೆಗೆಯಿರಿ. ತಾಯಿ ನಿಮ್ಮ ತಲೆಯ ಹಿಂದೆ ನಿಂತು ಕರೆದರೆ ಕಣ್ಣು ನೆಟ್ಟಗೆ ಲೆನ್ಸಿಗೆ ಬರುತ್ತದೆ. ತಾಯಿಯ ಕೈ, ಆಟಿಕೆ, ಬಾಯಲ್ಲಿನ ನಿಪ್ಪಲ್ ಕಾಣಬಾರದು. ಅಮೆರಿಕದ ವೀಸಾಕ್ಕೆ ಬೇರೆ ಅಳತೆ: 2×2 ಇಂಚು, ಆನ್‌ಲೈನ್ ಪ್ರತಿಯಾದರೆ 600ರಿಂದ 1,200 ಪಿಕ್ಸೆಲ್‌ನ ಚೌಕ, 240 ಕೆಬಿಯೊಳಗೆ, ಕನ್ನಡಕ ಕೂಡದು. ಇಂಥ ಅಳತೆಗಳನ್ನು ಒಂದು ರಟ್ಟಿನ ಮೇಲೆ ಬರೆದು ಗೋಡೆಗೆ ನೇತುಹಾಕಿ. ವೀಸಾ ಅರ್ಜಿ ವಾಪಸ್ ಬಂದರೆ ಗಿರಾಕಿ ನಿಮ್ಮ ಹೆಸರನ್ನೇ ಹೇಳುತ್ತಾನೆ.

ಖೋಲಿಯ ಅಳತೆಯ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. 10×12 ಅಡಿಯ ಕೋಣೆಯಲ್ಲಿ, ಚಿಕ್ಕ ಸೆನ್ಸರಿನ ಕ್ಯಾಮೆರಾಕ್ಕೆ 50 ಎಂಎಂ ಲೆನ್ಸ್ ಹಾಕಿ ಸೊಂಟದವರೆಗಿನ ಚಿತ್ರ ತೆಗೆಯಲು ಏಳು ಅಡಿ ದೂರ ಬೇಕು. ಕುಳಿತವರ ನೆರಳು ಹಿಂದಿನ ಬಟ್ಟೆಯ ಮೇಲೆ ಬೀಳದಿರಲು ಅವರ ಬೆನ್ನ ಹಿಂದೆ ನಾಲ್ಕಡಿ. ಒಟ್ಟು ಹನ್ನೊಂದಾಯಿತು, ನಿಮ್ಮ ಬೆನ್ನು ಕಪಾಟಿಗೆ ಒತ್ತಿರುತ್ತದೆ. ನಿಂತವರ ಪೂರ್ತಿ ಚಿತ್ರಕ್ಕೆ ಇದೇ ಲೆನ್ಸ್ 13 ಅಡಿ ಕೇಳುತ್ತದೆ, 35 ಎಂಎಂ ಆದರೂ ಒಂಬತ್ತಡಿಗೆ ಕಡಿಮೆಯಿಲ್ಲ. ಜಾಗ ಸಾಲದೆಂದು 18 ಎಂಎಂಗೆ ಇಳಿಸಿದರೆ ಮೂಗು ದಪ್ಪ, ಕಿವಿ ಸಣ್ಣ, ಅಂಚಿನಲ್ಲಿ ನಿಂತವರ ಭುಜ ಅಗಲ. ಆದ್ದರಿಂದ ಸೀಮಂತದ ಜೋಡಿ, ಸೀರೆಯ ಪೂರ್ತಿ ನೆರಿಗೆ ಕಾಣಬೇಕಾದ ಚಿತ್ರ ಇವನ್ನೆಲ್ಲ ಒಳಗೆ ಒಪ್ಪಬೇಡಿ. ಹೌಸಿಂಗ್ ಸೊಸೈಟಿಯ ಸೆಕ್ರೆಟರಿಯಿಂದ ಚೀಟಿ ಪಡೆದು ಟೆರೇಸಿನಲ್ಲಿ ಬೆಳಿಗ್ಗೆ ಒಂಬತ್ತರೊಳಗೆ ಅಥವಾ ಸಂಜೆ ಐದರ ಮೇಲೆ ತೆಗೆಯಿರಿ. ಬಾಯಿಮಾತಿನ ಅನುಮತಿ ಮುಂದಿನ ಮೀಟಿಂಗಿನ ತನಕ ಮಾತ್ರ ಬಾಳುತ್ತದೆ.

ಖೋಲಿಯಲ್ಲಿ ಇನ್ನೆರಡು ತೊಂದರೆ. ಚಾಳಿನ ಗೋಡೆಗೆ ಹಸಿರೋ ಗುಲಾಬಿಯೋ ಬಣ್ಣ ಬಳಿದಿದ್ದರೆ ಅದೇ ಬಣ್ಣ ಮುಖದ ಒಂದು ಕೆನ್ನೆಗೆ ಹೊಡೆಯುತ್ತದೆ. ಆ ಕಡೆಗೊಂದು ಬಿಳಿ ಥರ್ಮಕೋಲ್ ಹಾಳೆ ನಿಲ್ಲಿಸಿದರೆ ಗೋಡೆಯ ಬಣ್ಣವನ್ನೂ ತಡೆಯುತ್ತದೆ, ನೆರಳಿನ ಕಡೆ ಬೆಳಕೂ ಬರುತ್ತದೆ. ಎರಡನೆಯದು, ಬಿಳಿ ಬಟ್ಟೆ ಕಟ್ಟಿದರೂ ಫೋಟೋದಲ್ಲಿ ಬೂದು ಬಣ್ಣವಾಗಿ ಬರುವುದು. ಮುಖಕ್ಕೆ ಬಿದ್ದಷ್ಟು ಬೆಳಕು ಬಟ್ಟೆಗೆ ಬೀಳದ್ದೇ ಕಾರಣ. ಕಂಪ್ಯೂಟರಿನಲ್ಲಿ ಬಿಳಿ ಮಾಡಲು ಹೋದರೆ ಕೂದಲಿನ ಅಂಚು ತಿಂದುಹೋಗುತ್ತದೆ, ಬಟ್ಟೆಗೇ ಬೇರೊಂದು ಲೈಟ್ ಕೊಡಿ. ಕಿಟಕಿ ಬೆಳಕಿನಲ್ಲಿ ತೆಗೆಯುವಾಗ ಟ್ಯೂಬ್‌ಲೈಟ್ ಬಂದ್ ಮಾಡಿ, ಇಲ್ಲದಿದ್ದರೆ ಒಂದೇ ಮುಖದಲ್ಲಿ ಎರಡು ಬಣ್ಣ. ಬಟ್ಟೆಗೆ ಮಂಗಳದಾಸ್ ಮಾರ್ಕೆಟ್ ಸಾಕು. ಹೊಳಪಿಲ್ಲದ ದಪ್ಪ ಬಟ್ಟೆ ಆರಿಸಿ, ಮಡಚಬೇಡಿ, ಕೊಳವೆಗೆ ಸುತ್ತಿಡಿ.

ಮನೆಯಲ್ಲೇ ಹಪ್ಪಳ, ಉಪ್ಪಿನಕಾಯಿ, ಕೋರಿ ರೊಟ್ಟಿ ಮಾಡಿ ವಾಟ್ಸ್ಆ್ಯಪಿನಲ್ಲಿ ಮಾರುವ ನಮ್ಮ ಹೆಂಗಸರಿಗೂ ಚಿತ್ರ ಬೇಕು. ಇದಕ್ಕೆ ಎರಡಡಿ ಮೇಜು ಸಾಕು, ರಾತ್ರಿ ತಿದ್ದುವ ಕೆಲಸವೂ ಕಡಿಮೆ. ಗಾಜಿನ ಬಾಟಲಿಯಲ್ಲಿ ನಿಮ್ಮ ಕಿಟಕಿ, ನಿಮ್ಮ ಅಂಗಿ ಎಲ್ಲ ಕಾಣುತ್ತದೆ. ಲೆನ್ಸಿನಷ್ಟೇ ತೂತು ಕೊರೆದ ಕಪ್ಪು ರಟ್ಟನ್ನು ಮುಂದಿಟ್ಟರೆ ಆ ಪ್ರತಿಬಿಂಬ ಹೋಗುತ್ತದೆ.

ಇನ್ನು ಸಾಮಾನು. ಹೊಸದು ಬೇಡ. ಫೋರ್ಟಿನ ಬೋರಾ ಬಜಾರಿನಲ್ಲಿ ಸೆಕೆಂಡ್‌ಹ್ಯಾಂಡ್ ಬಾಡಿ (ಲೆನ್ಸಿಲ್ಲದ ಕ್ಯಾಮೆರಾ) ಸಿಗುತ್ತದೆ, ನೋಡಿ ಕೊಳ್ಳುವ ಕಣ್ಣು ಬೇಕು. ಮುಂದೆ ಮದುವೆಗೂ ಒಯ್ಯುವ ಆಸೆಯಿದ್ದರೆ ಎರಡು ಕಾರ್ಡ್ ಹಿಡಿಯುವ ಬಾಡಿಯನ್ನೇ ಆರಿಸಿ. ನಿಕಾನ್ ಡಿ7200, ಡಿ750 ಎರಡರಲ್ಲೂ ಇದೆ, ಅವುಗಳ ನಂತರ ಬಂದ ಡಿ7500ರಲ್ಲಿ ಇಲ್ಲ. ಮೊದಲೆರಡರ ಶಟರನ್ನು 1,50,000 ಕ್ಲಿಕ್‌ಗೆ ಪರೀಕ್ಷಿಸಿದೆ ಎಂದು ಕಂಪನಿ ಹೇಳುತ್ತದೆ. ಎಷ್ಟು ಕ್ಲಿಕ್ ಆಗಿದೆ ಎಂಬುದು ನಿಕಾನಿನ ಫೋಟೋ ಫೈಲಿನಲ್ಲೇ ದಾಖಲಾಗಿರುತ್ತದೆ. ಕ್ಯಾನನ್ನಿನ ಹಲವು ಮಾಡೆಲ್‌ಗಳಿಗೆ ಬೇರೆ ಸಾಫ್ಟ್‌ವೇರ್ ಬೇಕು. ಲೆನ್ಸಿನ ಕಿಂಡಿಯನ್ನು ಎಫ್ 16ಕ್ಕೆ ಕಿರಿದು ಮಾಡಿ ಬರಿ ಆಕಾಶದ ಚಿತ್ರ ತೆಗೆದರೆ ಸೆನ್ಸರಿನ ಕಲೆ ಕಾಣುತ್ತದೆ. ಲೆನ್ಸನ್ನು ಬಾಡಿಯಿಂದ ಬಿಚ್ಚಿ ಒಂದು ಕಡೆಯಿಂದ ಮೊಬೈಲ್ ಟಾರ್ಚ್ ಹಿಡಿದು ಇನ್ನೊಂದು ಕಡೆಯಿಂದ ನೋಡಿ. ಧೂಳಿನ ಕಣ ನಾಲ್ಕಿದ್ದರೆ ಚಿಂತೆಯಿಲ್ಲ, ಜೇಡನ ಬಲೆಯ ಎಳೆ ಕಂಡರೆ ಅದು ಫಂಗಸ್, ಕಡಿಮೆಗೆ ಕೊಟ್ಟರೂ ಬೇಡ. ಪತ್ರಿಕೆಯನ್ನು ಓರೆಯಾಗಿಟ್ಟು ನಡುವಿನ ಒಂದು ಸಾಲಿಗೆ ಫೋಕಸ್ ಮಾಡಿ ತೆಗೆಯಿರಿ. ಹಿಂದಿನ ಅಥವಾ ಮುಂದಿನ ಸಾಲು ಸ್ಪಷ್ಟವಾದರೆ ಆ ಬಾಡಿ ಲೆನ್ಸಿನ ಜೋಡಿ ಸರಿಯಿಲ್ಲ. ಮೂಲ ಬಿಲ್ ಕೇಳಿ, ಅದರ ಮೇಲಿನ ಸೀರಿಯಲ್ ನಂಬರ್ ಬಾಡಿಯ ಅಡಿಯಲ್ಲಿರುವುದಕ್ಕೆ ಹೊಂದಬೇಕು. ಹೊಂದದಿದ್ದರೆ ಕಳವಿನ ಮಾಲಿರಬಹುದು. ವರ್ಷಕ್ಕೆ ನಾಲ್ಕು ಸಲ ಬೇಕಾಗುವ ದುಬಾರಿ ಲೆನ್ಸು ಅಂಧೇರಿಯಲ್ಲಿ ದಿನಬಾಡಿಗೆಗೆ ಸಿಗುತ್ತದೆ, ಕೊಳ್ಳಬೇಡಿ.

ಕೊಂಡ ಮೇಲೆ ಮುಂಬಯಿಯ ಮಳೆಗಾಲ ಎಂಬ ಶತ್ರುವಿದೆ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಕ್ಯಾಮೆರಾವನ್ನು ಚರ್ಮದ ಅಥವಾ ಬಟ್ಟೆಯ ಚೀಲದಲ್ಲಿಟ್ಟು ಕಪಾಟಿನಲ್ಲಿ ಮುಚ್ಚಿಟ್ಟರೆ ಫಂಗಸ್ ಕಟ್ಟಿಟ್ಟ ಬುತ್ತಿ. ಒಮ್ಮೆ ಬಂದರೆ ಅದು ಲೆನ್ಸಿನ ಮೇಲ್ಪದರವನ್ನೇ ತಿನ್ನುತ್ತದೆ, ಒರೆಸಿದರೂ ಗುರುತು ಉಳಿಯುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್, ತೇವ ತೋರಿಸುವ ಸಣ್ಣ ಮೀಟರ್: ಇಷ್ಟೇ ಬೇಕಾದ್ದು. ಮುಳ್ಳು ಶೇ. 45–50ರ ಆಸುಪಾಸಿನಲ್ಲಿರಲಿ. ನೀಲಿ ಜೆಲ್ ಗುಲಾಬಿಗೆ ತಿರುಗಿದರೆ ಒಣಗಿಸಬೇಕು, ಆದರೆ ನೀಲಿ ಬಣ್ಣದಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುವುದರಿಂದ ಅಡಿಗೆಯ ಬಾಣಲೆಯಲ್ಲಿ ಹುರಿಯಬೇಡಿ. ಎಸಿ ಇರುವ ಮದುವೆ ಹಾಲಿನಿಂದ ಹೊರಗೆ ಬಂದ ಕೂಡಲೇ ಕ್ಯಾಮೆರಾ ತೆರೆದರೆ ಗಾಜಿನ ಮೇಲೆ ಹಬೆ ಕೂರುತ್ತದೆ. ಅರ್ಧ ಗಂಟೆ ಮುಚ್ಚಿದ ಚೀಲದಲ್ಲೇ ಇರಲಿ.

ಎರಡನೇ ಕ್ಯಾಮೆರಾ ಹಿಡಿದು ಮದುವೆ ಹಾಲಿಗೆ ಹೋದವರು ಮೊದಲು ಎಡವುವುದು ಎಲ್‌ಇಡಿ ಬೆಳಕಿನಲ್ಲಿ. ನಮ್ಮ ವಿದ್ಯುತ್ತು 50 ಹರ್ಟ್ಸಿನದು, ಅಗ್ಗದ ಎಲ್‌ಇಡಿ ಸೆಕೆಂಡಿಗೆ 100 ಸಲ ಮಿಣುಕುತ್ತದೆ. ಶಟರ್ ತೆರೆದಿರುವ ಹೊತ್ತನ್ನು 1/100 ಅಥವಾ 1/50 ಸೆಕೆಂಡ್ ಇಟ್ಟರೆ ಸರಿ. 1/320ಕ್ಕೆ ಏರಿಸಿದಿರೋ, ಮದುಮಗಳ ಮುಖದ ಮೇಲೆ ಅಡ್ಡ ಪಟ್ಟಿ. ಹೊಸ ಕ್ಯಾಮೆರಾಗಳ ಸದ್ದಿಲ್ಲದ ಶಟರಿನಲ್ಲಿ ಇದು ಇನ್ನೂ ಕೆಟ್ಟದಾಗಿ ಬರುತ್ತದೆ, ಒಳಾಂಗಣದಲ್ಲಿ ಅದನ್ನು ಬಂದ್ ಮಾಡಿ. ಈಗ ಧಾರೆಯ ಹೊತ್ತು ಬಂತೆನ್ನಿ. ಗಿಂಡಿಯ ಸೂಸಿನಿಂದ ಬೀಳುವ ನೀರು 1/100ರಲ್ಲಿ ಬರಿ ಮಸುಕು ಗೆರೆಯಾಗುತ್ತದೆ. ಹನಿಹನಿ ನಿಲ್ಲಬೇಕಾದರೆ ಫ್ಲ್ಯಾಶ್ ಹೊಡೆಯಬೇಕು, ಶಟರ್ ನಿಧಾನವಿದ್ದರೂ ಫ್ಲ್ಯಾಶಿನ ಮಿಂಚು ಅದಕ್ಕಿಂತ ಎಷ್ಟೋ ಚುರುಕು. ಹತ್ತು ಹನ್ನೆರಡು ಅಡಿಯ ಬಿಳಿ ಸೂರಿದ್ದರೆ ಫ್ಲ್ಯಾಶಿನ ತಲೆ ಮೇಲಕ್ಕೆ ತಿರುಗಿಸಿ, ಮರದ ಸೂರಿದ್ದರೆ ಮುಖಗಳೆಲ್ಲ ಕಂದು ಹಳದಿ. ನೀರು ಎರೆಯುವವರ ತೋಳು ಅಡ್ಡ ಬಾರದ ಕಡೆ, ಒಂದು ಸಣ್ಣ ಸ್ಟೂಲಿನ ಮೇಲೆ, ಐದು ನಿಮಿಷ ಮೊದಲೇ ನಿಂತಿರಬೇಕು. ಆ ಹೊತ್ತಿಗೆ ಸೋದರಮಾವಂದಿರೆಲ್ಲ ಮಂಟಪದ ಸುತ್ತ ಮೊಬೈಲ್ ಎತ್ತಿ ನಿಂತಿರುತ್ತಾರೆ. ಭಟ್ಟರಲ್ಲಿ ಬೆಳಿಗ್ಗೆಯೇ ವಿನಯದಿಂದ ‘ಭಟ್ರೇ, ಧಾರೆಗೆ ಮೊದಲೊಂದು ಸನ್ನೆ ಮಾಡಿ’ ಎಂದು ಹೇಳಿಟ್ಟರೆ ಮಾಡುತ್ತಾರೆ. ಹೋಮದ ಹೊಗೆಗೆ ಎದುರಿನಿಂದ ಫ್ಲ್ಯಾಶ್ ಹೊಡೆದರೆ ಬಿಳಿ ಪರದೆ ಬಿಟ್ಟು ಏನೂ ಕಾಣದು, ಪಕ್ಕದಿಂದ ಕೊಡಿ. ಯಕ್ಷಗಾನಕ್ಕೆ ಹೋದರೆ ಕೆಂಪು ಸ್ಟೇಜ್ ಲೈಟಿನಲ್ಲಿ ಕ್ಯಾಮೆರಾದ ಮೀಟರ್ ನಂಬಬೇಡಿ. ಮುಖವರ್ಣಿಕೆಯ ಗೆರೆಗಳೆಲ್ಲ ಒಂದೇ ಕೆಂಪು ಮುದ್ದೆಯಾಗುತ್ತವೆ. ಒಂದು ಸ್ಟಾಪಿನಷ್ಟು, ಅಂದರೆ ಬೆಳಕು ಅರ್ಧವಾಗುವಷ್ಟು, ಕಡಿಮೆ ಮಾಡಿ ತೆಗೆಯಿರಿ.

ಹೆಂಗಸು ಕ್ಯಾಮೆರಾ ಹಿಡಿದಿದ್ದರೆ ಮದುಮಗಳ ಕೋಣೆ ಸಲೀಸು. ಸೀರೆ ಉಡಿಸುವುದು, ಮುಡಿಗೆ ಹೂವಿನ ಜಲ್ಲಿ ಮುಡಿಸುವುದು ಇವುಗಳ ಚಿತ್ರ ಗಂಡಸಿಗೆ ಸಿಗುವುದಿಲ್ಲ. ಜೋಡಿಯಾಗಿ ದುಡಿಯುವವರಿಗೆ ಇದೊಂದು ನಿಜವಾದ ಅನುಕೂಲ, ದರ ಹೇಳುವಾಗ ಇದನ್ನು ಮರೆಯಬೇಡಿ. ಜೋಡಿಯಾಗಿರುವುದರಲ್ಲಿ ಒಂದು ತೊಡಕೂ ಇದೆ: ಮನೆಯಲ್ಲಿ ಸೂತಕ ಬಂದರೆ ಇಬ್ಬರೂ ಮಂಟಪ ಹತ್ತುವಂತಿಲ್ಲ. ನಿಮ್ಮ ಬದಲಿಗೆ ಹೋಗುವವರ ಹೆಸರನ್ನು ಕರಾರಿನಲ್ಲೇ ಬರೆದಿಡಿ.

ಕರಾರು ಎಂದರೆ ದೊಡ್ಡ ದಸ್ತಾವೇಜಲ್ಲ, ಒಂದು ಪುಟ ಸಾಕು. ಎಷ್ಟು ಗಂಟೆ, ಎಷ್ಟು ಚಿತ್ರ, ಆಲ್ಬಮಿನ ಹಾಳೆ ಎಷ್ಟು, ಎಷ್ಟು ಸಲ ತಿದ್ದುಪಡಿ, ಎಷ್ಟು ದಿನದಲ್ಲಿ ಕೈಗೆ, ಮುಂಗಡ ಎಷ್ಟು, ದಿನಾಂಕ ಮುಂದೆ ಹೋದರೆ ಏನು. ಹಲವರಿಗೆ ತಿಳಿಯದ ಇನ್ನೊಂದು ವಿಷಯವಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ನಿನಂತೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಹಣ ಕೊಟ್ಟು ಫೋಟೋ ತೆಗೆಸಿದವರೇ ಅದರ ಮೊದಲ ಹಕ್ಕುದಾರರು. ಅಂದರೆ ನೀವೇ ತೆಗೆದ ಚಿತ್ರವನ್ನು ನಿಮ್ಮ ಇನ್‌ಸ್ಟಾಗ್ರಾಮಿಗೆ ಹಾಕಲೂ ಅವರ ಒಪ್ಪಿಗೆ ಬೇಕು. ಆ ಒಂದು ಸಾಲು ಕರಾರಿನಲ್ಲಿರಲಿ, ಮಕ್ಕಳ ಚಿತ್ರಕ್ಕೆ ತಂದೆತಾಯಿಯ ಒಪ್ಪಿಗೆ ಬೇರೆಯಾಗಿಯೇ ಕೇಳಿ.

ಫೈಲುಗಳ ವಿಷಯದಲ್ಲಿ ಸೋಮಾರಿತನ ಕೂಡದು. 24 ಮೆಗಾಪಿಕ್ಸೆಲ್‌ನ ಒಂದು ರಾ ಫೈಲ್ (ಕ್ಯಾಮೆರಾ ಕೊಡುವ ಮೂಲ ಚಿತ್ರ) ಸುಮಾರು 25–30 ಎಂಬಿ, 2,000ಕ್ಕೆ 50–60 ಜಿಬಿ. ಎಲ್ಲವನ್ನೂ ಒಂದೇ 64 ಜಿಬಿ ಕಾರ್ಡಿಗೆ ತುರುಕದೆ ಮುಹೂರ್ತ ಮುಗಿದ ಮೇಲೆ ಕಾರ್ಡ್ ಬದಲಿಸಿ. ಮನೆಗೆ ಬಂದ ರಾತ್ರಿಯೇ ಎರಡು ಡಿಸ್ಕಿಗೆ ನಕಲು ಮಾಡಿ, ಅಲ್ಲಲ್ಲಿ ಫೈಲ್ ತೆರೆದು ನೋಡಿ, ಒಂದು ಡಿಸ್ಕನ್ನು ತವರುಮನೆಯಲ್ಲೋ ಗೆಳೆಯರ ಮನೆಯಲ್ಲೋ ಇಡಿ. ಖೋಲಿಗೆ ನೀರು ನುಗ್ಗಿದರೆ, ಕಳ್ಳ ಹೊಕ್ಕರೆ ಎರಡೂ ಒಟ್ಟಿಗೆ ಹೋಗಬಾರದು. ಕಾರ್ಡನ್ನು ಆಲ್ಬಮ್ ಒಪ್ಪಿಸಿದ ಮೇಲೆ ಫಾರ್ಮ್ಯಾಟ್ ಮಾಡಿದರಾಯಿತು, ಅದೂ ಕ್ಯಾಮೆರಾದಲ್ಲಿ. ಆಲ್ಬಮಿನ 12×36 ಇಂಚಿನ ಹಾಳೆಗೆ 3,600×10,800 ಪಿಕ್ಸೆಲ್ ಬೇಕು. ನಡುವಿನ ಮಡಿಕೆಯ ಮೇಲೆ ಯಾರ ಮುಖವೂ ಬಾರದಂತೆ ನೋಡಿ. ಮನೆಯಲ್ಲಿ ಇಂಕ್ ಪ್ರಿಂಟರ್ ಇಟ್ಟವರು ಕೆಲಸವಿಲ್ಲದ ವಾರದಲ್ಲೂ ಒಂದು ಬಣ್ಣದ ಹಾಳೆ ತೆಗೆಯಿರಿ, ಇಲ್ಲದಿದ್ದರೆ ಶಾಯಿ ಒಣಗಿ ಹೆಡ್ ಕಟ್ಟುತ್ತದೆ.

ಸರಕಾರಿ ಕಾಗದದ ಭಯ ಬೇಡ. ಸಣ್ಣ ಉದ್ಯಮಗಳಿಗೆಂದು ಸರಕಾರ ಮಾಡಿದ ‘ಉದ್ಯಮ್’ ನೋಂದಣಿಗೆ ಶುಲ್ಕವೇ ಇಲ್ಲ; ಹಣ ಕೇಳುವ ವೆಬ್‌ಸೈಟ್ ಸರಕಾರದ್ದಲ್ಲ. ನೌಕರರಿಲ್ಲದ ಸಣ್ಣ ಸ್ಟುಡಿಯೋ ಮಹಾರಾಷ್ಟ್ರದ 2017ರ ಅಂಗಡಿ ಕಾಯ್ದೆಯಡಿ ಆನ್‌ಲೈನ್ ಸೂಚನೆ ಕೊಟ್ಟರೆ ಸಾಕು. ವರ್ಷದ ವಹಿವಾಟು 20 ಲಕ್ಷ ದಾಟುವವರೆಗೆ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. ಸಾಲ ಬೇಕೇ ಬೇಕೆಂದರೆ ಮುದ್ರಾ ಯೋಜನೆಯ ಶಿಶು ವರ್ಗದಲ್ಲಿ ಜಾಮೀನಿಲ್ಲದೆ 50,000 ರೂಪಾಯಿವರೆಗೆ ಇದೆ, ಖೋಲಿಯ ಕೆಲಸಕ್ಕೆ ಅದರ ಮೇಲೆ ಬೇಕಿಲ್ಲ. ಡ್ರೋನ್ ಆಸೆ ಬಿಡಿ. ವಿಮಾನ ನಿಲ್ದಾಣದ ಸುತ್ತಲಿನ ನಿರ್ಬಂಧ, ಪೊಲೀಸರ ನಿಷೇಧಾಜ್ಞೆ ಎರಡರ ನಡುವೆ ಈ ಊರಲ್ಲಿ ಅದು ಪೆಟ್ಟಿಗೆಯಲ್ಲೇ ಕೂರುತ್ತದೆ.

ದರ ಹೇಳುವಾಗಲೂ ಗಂಟೆಯೇ ಅಳತೆಗೋಲಾಗಲಿ. ಸಾಮಾನಿಗೆ 1,50,000 ರೂಪಾಯಿ ಹಾಕಿ ಮೂರು ವರ್ಷ ಬಾಳಿತೆನ್ನಿ. ಆ ಸಾಮಾನು ಹೊತ್ತು ವರ್ಷಕ್ಕೆ 12 ದೊಡ್ಡ ಕೆಲಸ ಮಾಡಿದರೆ ಒಂದೊಂದರ ತಲೆಗೆ 4,000ಕ್ಕೂ ಮೇಲೆ ಬರಿ ಸವಕಳಿ. 35 ಗಂಟೆಗೆ ಗಂಟೆಗೆ 150ರಂತೆ 5,250. ಆಲ್ಬಮಿನ ಖರ್ಚು, ಟ್ಯಾಕ್ಸಿ, ಊಟ ಸೇರುವ ಮೊದಲೇ 9,000 ದಾಟಿತು. ‘ನಮ್ಮವನೇ ಅಲ್ವಾ, ಐದು ಸಾವಿರಕ್ಕೆ ಮಾಡಿಕೊಡು’ ಎನ್ನುವವರಿಗೆ ಈ ಲೆಕ್ಕ ತೋರಿಸಿ.

ಹಾಗೆ ಕೇಳುವವರಲ್ಲಿ ನಮ್ಮ ಸಂಘ ಸಂಸ್ಥೆಗಳೂ ಇವೆ ಎಂಬುದೇ ಈ ಪತ್ರಕ್ಕೆ ಕಾರಣ. ವಾರ್ಷಿಕೋತ್ಸವ, ಅರಸಿನ ಕುಂಕುಮ, ತಾಳಮದ್ದಳೆ, ಪ್ರತಿಭಾ ಪುರಸ್ಕಾರ ಎಲ್ಲದಕ್ಕೂ ಓದುವ ಹುಡುಗರನ್ನು ಕರೆದು, ಊಟ ಹಾಕಿ, ಶಾಲು ಹೊದೆಸಿ, ಚಿತ್ರಗಳನ್ನು ಪೆನ್‌ಡ್ರೈವಿನಲ್ಲಿ ಇಸಿದುಕೊಳ್ಳುತ್ತಾರೆ. ಹಾರ ತುರಾಯಿಗೆ, ಧ್ವನಿವರ್ಧಕಕ್ಕೆ ಖರ್ಚಿನ ಪಟ್ಟಿಯಲ್ಲಿ ಜಾಗ ಇರುತ್ತದೆ, ಫೋಟೋಕ್ಕೆ ಇರುವುದಿಲ್ಲ. ಆಮಂತ್ರಣ ಪತ್ರಿಕೆ ಅಚ್ಚಿಗೆ ಕೊಡುವ ದಿನವೇ ಆ ಬಾಬ್ತು ಬರೆದು ಅರ್ಧ ಹಣ ಮುಂಗಡವಾಗಿ ಖಾತೆಗೆ ಹಾಕಿ, ಉಳಿದದ್ದನ್ನು ಚಿತ್ರ ಕೈಸೇರಿದ ವಾರದೊಳಗೆ ಕೊಡಿ. ಪತ್ರಿಕೆಗೆ ಕಳಿಸುವ ಚಿತ್ರದ ಅಡಿಯಲ್ಲಿ ತೆಗೆದವರ ಹೆಸರು ಬರೆಯಿರಿ. ತಮ್ಮ ಪತ್ರಿಕೆಯೂ ಆ ಹೆಸರನ್ನು ಕತ್ತರಿಸದೆ ಅಚ್ಚು ಹಾಕಬೇಕೆಂದು ಕೋರಿಕೆ.

ಇತಿ,
ವೃತ್ತಿನಿರತ ಕೆಲವು ಕನ್ನಡಿಗ ಛಾಯಾಗ್ರಾಹಕರು,
ಡೊಂಬಿವಲಿ – ಥಾಣೆ